ತಮ್ಮ ಕಳಿಸಿದ ಚೀನೀ ಗುಳಿಗೆಯನ್ನು ಅಪ್ಪನಿಗೆ ಕೊಡಬಹುದೇ?

ಪ್ರಶ್ನೆ: ನನ್ನ ತಂದೆಗೆ 61 ವರ್ಷ. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಮೂರು ತಿಂಗಳ ಹಿಂದೆ ಶಸ್ತ್ರಚಿಕಿತ್ಸೆ ಆಯಿತು. ಎರಡು ದುಗ್ಧಗ್ರಂಥಿಗಳಲ್ಲೂ ರೋಗವಿತ್ತು, ಮೂರನೇ ಹಂತ ಎಂದು ಹೇಳಿದ್ದಾರೆ. ಈಗ ಮೂರು ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಆಕ್ಸಾಲಿಪ್ಲಾಟಿನ್ ಡ್ರಿಪ್, ಮನೆಯಲ್ಲಿ ಕೆಪೆಸಿಟಬಿನ್ ಮಾತ್ರೆ. ಎರಡು ಸುತ್ತು ಮುಗಿದಿದೆ. ತಣ್ಣೀರು ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ, ಊಟ ಸೇರುವುದಿಲ್ಲ, ಆಗಾಗ ಭೇದಿ. ಮೊದಲಿನಿಂದಲೂ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಬಿಪಿಗೆ ಒಂದು ಮಾತ್ರೆ ತೆಗೆದುಕೊಳ್ಳುತ್ತಾರೆ. ನನ್ನ ತಮ್ಮ ಸಿಂಗಪುರದಲ್ಲಿದ್ದಾನೆ. ಅಲ್ಲಿಯ ಚೀನೀ ವೈದ್ಯರನ್ನು ಕೇಳಿ ಬರ್ಬೆರಿನ್ ಗುಳಿಗೆಯನ್ನೂ ಹತ್ತು ಹದಿನೈದು ಮೂಲಿಕೆ ಸೇರಿದ ಕಷಾಯದ ಪೊಟ್ಟಣಗಳನ್ನೂ ಕಳಿಸಿದ್ದಾನೆ. ಜೊತೆಗೆ ಒಂದು ಸಂಶೋಧನಾ ಲೇಖನ: ಈ ಔಷಧ 'ಮಿಆರ್-21' ಎಂಬ ನಾನ್-ಕೋಡಿಂಗ್ ಆರ್‌ಎನ್‌ಎಯನ್ನು ತಗ್ಗಿಸಿ ಕ್ಯಾನ್ಸರ್ ಕೋಶಗಳನ್ನು ಸಾಯಿಸುತ್ತದೆಯಂತೆ. 'ಜೀನ್ ಮಟ್ಟದಲ್ಲೇ ಕೆಲಸ ಮಾಡುತ್ತದೆ, ಕಿಮೊ ಅರ್ಧಕ್ಕೆ ನಿಲ್ಲಿಸಿದರೂ ನಡೆದೀತು' ಎನ್ನುತ್ತಾನೆ ತಮ್ಮ. ಅಪ್ಪನಿಗೂ ಅದೇ ಇಷ್ಟ. ನಾನು ಬೇಡ ಎಂದರೆ ನಾಳೆ ಏನಾದರೂ ಆದಾಗ ನನ್ನ ಮೇಲೆ ಬರುತ್ತದೆ, ಕೊಟ್ಟರೆ ಏನಾಗುತ್ತದೋ ಎಂಬ ಭಯ. ದಯವಿಟ್ಟು ತಿಳಿಸಿ.

ಉತ್ತರ: ಮೊದಲು ನೇರ ಮಾತು. ತಂದೆಯವರ ಕಿಮೊಥೆರಪಿ ನಡೆಯುತ್ತಿರುವಷ್ಟು ದಿನ ಆ ಗುಳಿಗೆಯನ್ನೂ ಕಷಾಯವನ್ನೂ ಕೊಡಬೇಡಿ. ಅವುಗಳನ್ನು ನಂಬಿ ಕಿಮೊಥೆರಪಿ ನಿಲ್ಲಿಸುವ ಮಾತಂತೂ ಬೇಡವೇ ಬೇಡ. ಚಿಕಿತ್ಸೆ ಮುಗಿದ ಮೇಲೆ ಬರ್ಬೆರಿನ್ ಒಂದರ ಬಗ್ಗೆ ನಿಮ್ಮ ವೈದ್ಯರೊಡನೆ ಕುಳಿತು ಮಾತಾಡಬಹುದು. ಅದಕ್ಕೆ ಸ್ವಲ್ಪ ಆಧಾರವಿದೆ. ಕಷಾಯದ ಪೊಟ್ಟಣಕ್ಕೆ ಅಷ್ಟೂ ಇಲ್ಲ. ನಿರ್ಧಾರದ ಹೊಣೆ ನಿಮ್ಮೊಬ್ಬರ ಹೆಗಲ ಮೇಲೆ ಕೂತಿದೆ ಎಂಬ ಸಂಕಟ ನಿಮ್ಮ ಪತ್ರದ ಪ್ರತಿ ಸಾಲಿನಲ್ಲೂ ಇದೆ. ಆದ್ದರಿಂದ ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಈ ಉತ್ತರವನ್ನು ತಮ್ಮನಿಗೂ ಓದಲು ಕೊಡಿ. ಅವರು ಕೆಟ್ಟದ್ದೇನೂ ಮಾಡಿಲ್ಲ. ದೂರದಲ್ಲಿದ್ದು ಅಪ್ಪನಿಗಾಗಿ ಏನಾದರೂ ಮಾಡಬೇಕೆಂದು ಒದ್ದಾಡುವ ಮಕ್ಕಳನ್ನು ನಾನು ವಾರಕ್ಕೊಮ್ಮೆಯಾದರೂ ಫೋನಿನಲ್ಲಿ ಕೇಳುತ್ತೇನೆ.

ತಮ್ಮ ಹೇಳಿದ 'ನಾನ್-ಕೋಡಿಂಗ್ ಆರ್‌ಎನ್‌ಎ' ಸುಳ್ಳಲ್ಲ, ಈ ಕಾಲದ ಜೀವವಿಜ್ಞಾನದ ದೊಡ್ಡ ಅಧ್ಯಾಯಗಳಲ್ಲಿ ಒಂದು. ದೊಡ್ಡ ಮದುವೆಯ ಅಡುಗೆ ಮನೆಯನ್ನು ನೆನೆಸಿಕೊಳ್ಳಿ. ಎಲ್ಲ ಅಡುಗೆಯ ಅಳತೆ ಬರೆದ ಮೂಲ ಪುಸ್ತಕ ಉಗ್ರಾಣದ ಬೀಗದೊಳಗೆ ಇರುತ್ತದೆ, ಅದು ಡಿಎನ್‌ಎ. ಅಲ್ಲಿಂದ ಬರೆದುಕೊಂಡ ಚೀಟಿಗಳು ಒಲೆಯ ಹತ್ತಿರ ಹೋಗುತ್ತವೆ, ಅದು ಆರ್‌ಎನ್‌ಎ. ಚೀಟಿ ನೋಡಿ ಭಟ್ಟರು ಮಾಡುವ ಅಡುಗೆಯೇ ಪ್ರೊಟೀನು. ನಮ್ಮ ಡಿಎನ್‌ಎಯಲ್ಲಿ ಪ್ರೊಟೀನಿನ ಅಳತೆ ಬರೆದಿರುವ ಭಾಗ ಶೇ 2ರಷ್ಟು ಮಾತ್ರ. ಉಳಿದದ್ದರಿಂದಲೂ ಲೆಕ್ಕವಿಲ್ಲದಷ್ಟು ಚೀಟಿಗಳು ಹೊರಡುತ್ತವೆ, ಅವುಗಳಿಂದ ಯಾವ ಅಡುಗೆಯೂ ಆಗುವುದಿಲ್ಲ. ಆದರೆ ಯಾವ ಅಡುಗೆ ಎಷ್ಟು ಬೇಕು, ಯಾವುದನ್ನು ಈಗ ನಿಲ್ಲಿಸಬೇಕು ಎಂದು ಹೇಳುವವು ಅವೇ. ಇವುಗಳಲ್ಲಿ ತೀರ ಚಿಕ್ಕವು, ಸುಮಾರು 22 ಅಕ್ಷರದವು, ಮೈಕ್ರೋಆರ್‌ಎನ್‌ಎಗಳು. ಅವು ಅಡುಗೆಯ ಚೀಟಿಗೆ ಹೋಗಿ ಅಂಟಿಕೊಂಡು ಅದನ್ನು ಓದದಂತೆ ಮಾಡುತ್ತವೆ. 200 ಅಕ್ಷರಕ್ಕಿಂತ ಉದ್ದದವುಗಳದ್ದು ಬೇರೆ ಬಳಗ. ಬಳೆಯಂತೆ ದುಂಡಗಿದ್ದು ಮೈಕ್ರೋಆರ್‌ಎನ್‌ಎಗಳನ್ನೇ ಸ್ಪಂಜಿನಂತೆ ಹೀರಿಕೊಳ್ಳುವ ಇನ್ನೊಂದು ಜಾತಿಯೂ ಇದೆ.

ಮೊದಲ ಮೈಕ್ರೋಆರ್‌ಎನ್‌ಎಯನ್ನು 1993ರಲ್ಲಿ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಕಂಡುಹಿಡಿದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್‌ಕುನ್ ಅವರಿಗೆ 2024ರ ನೊಬೆಲ್ ಬಂತು. ಕ್ಯಾನ್ಸರ್‌ಗೂ ಇವಕ್ಕೂ ನಂಟಿದೆ ಎಂಬುದು 2002ರಲ್ಲೇ ಗೊತ್ತಾಯಿತು: ಒಂದು ಬಗೆಯ ರಕ್ತದ ಕ್ಯಾನ್ಸರ್ ಇರುವ ಬಹುಪಾಲು ರೋಗಿಗಳಲ್ಲಿ ಎರಡು ಮೈಕ್ರೋಆರ್‌ಎನ್‌ಎಗಳು ಕಳೆದುಹೋಗಿದ್ದವು ಅಥವಾ ತೀರ ಕಡಿಮೆಯಾಗಿದ್ದವು. ನಿಮ್ಮ ತಮ್ಮ ಹೇಳಿದ ಮಿಆರ್-21 ಕರುಳಿನ ಗಡ್ಡೆಗಳಲ್ಲಿ ಸಾಮಾನ್ಯವಾಗಿ ಹೆಚ್ಚಿರುತ್ತದೆ, ಬಹಳ ಹೆಚ್ಚಿರುವವರಲ್ಲಿ ರೋಗದ ಗತಿ ಅಷ್ಟು ಒಳ್ಳೆಯದಿರುವುದಿಲ್ಲ. ಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಕೆಲವು ಪ್ರೊಟೀನುಗಳ ಚೀಟಿಯನ್ನು ಅದು ತಡೆಹಿಡಿಯುತ್ತದೆ. ಬರ್ಬೆರಿನ್ ಹಾಕಿದಾಗ ಕರುಳಿನ ಕ್ಯಾನ್ಸರ್ ಕೋಶಗಳಲ್ಲಿ ಮಿಆರ್-21 ಕುಗ್ಗಿದ್ದೂ ನಿಜ. ಇಲ್ಲಿಯವರೆಗೆ ತಮ್ಮನ ಮಾತಿನಲ್ಲಿ ತಪ್ಪಿಲ್ಲ.

ತೊಡಕು ಇಲ್ಲಿಂದ ಮುಂದೆ. ಆ ಪ್ರಯೋಗ ಹೇಗೆ ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ತೋರಿಸುತ್ತೇನೆ. ಎಂ.ಡಿ. ಮುಗಿಸಿದ ಮೇಲೆ ಎರಡು ವರ್ಷ ನಾನೇ ಅದನ್ನು ಮಾಡಿದ್ದೇನೆ. ಅಂಗೈ ಅಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ ಪಡ್ಡಿನ ಹಂಚಿನ ಗುಳಿಗಳಂತೆ 96 ಪುಟ್ಟ ಗುಳಿಗಳು. ಪ್ರತಿಯೊಂದರಲ್ಲೂ ಕೆಲವು ಸಾವಿರ ಕ್ಯಾನ್ಸರ್ ಕೋಶಗಳು ಗುಲಾಬಿ ಬಣ್ಣದ ದ್ರವದಲ್ಲಿ ಬೆಳೆಯುತ್ತಿರುತ್ತವೆ. ಒಂದು ಸಾಲಿಗೆ ಔಷಧ ಹಾಕುವುದಿಲ್ಲ, ಮುಂದಿನ ಸಾಲಿಗೆ ಸ್ವಲ್ಪ, ಅದರ ಮುಂದಿನದಕ್ಕೆ ಇನ್ನೂ ಸ್ವಲ್ಪ. ಎರಡು ದಿನ ಬಿಟ್ಟು ಒಂದು ಹಳದಿ ಬಣ್ಣ ಹಾಕುತ್ತೇವೆ. ಬದುಕಿರುವ ಕೋಶಗಳಿರುವ ಗುಳಿ ನೇರಳೆಯಾಗುತ್ತದೆ, ಸತ್ತಿರುವ ಗುಳಿ ಹಳದಿಯಾಗಿಯೇ ಉಳಿಯುತ್ತದೆ. ನೇರಳೆ ಕ್ರಮೇಣ ತೆಳುವಾಗುತ್ತ ಹೋಗುವ ಸಾಲನ್ನು ಮೊದಲ ಸಲ ನೋಡಿದಾಗ ಮೈ ಜುಮ್ಮೆಂದಿತ್ತು, ಕ್ಯಾನ್ಸರ್‌ಗೆ ಮದ್ದು ಸಿಕ್ಕೇ ಬಿಟ್ಟಿತೆಂದು. ನಮ್ಮ ಪ್ರಾಧ್ಯಾಪಕರು ಮಾರನೇ ದಿನ ಸೀಗೆಕಾಯಿ ನೆನೆಸಿದ ನೀರನ್ನು ತಂದು ಅದೇ ತಟ್ಟೆಯ ಇನ್ನೊಂದು ಸಾಲಿಗೆ ಹಾಕಿಸಿದರು. ಆ ಸಾಲೂ ಹಳದಿಯಾಗಿಯೇ ಉಳಿಯಿತು. ಅಂದು ಕಲಿತದ್ದನ್ನು ಇಂದಿಗೂ ಮರೆತಿಲ್ಲ. ತಟ್ಟೆಯಲ್ಲಿ ಕೋಶ ಸಾಯಿಸುವುದು ಸುಲಭ. ಮೈಯೊಳಗೆ, ಪಕ್ಕದ ಒಳ್ಳೆಯ ಕೋಶವನ್ನು ಉಳಿಸಿ ಕೆಟ್ಟದ್ದನ್ನು ಸಾಯಿಸುವುದು ಕಷ್ಟ.

ಇನ್ನು ಪ್ರಮಾಣ. ಪ್ರಯೋಗಾಲಯದಲ್ಲಿ ಬರ್ಬೆರಿನ್ ಪರಿಣಾಮ ತೋರಿಸುವ ಹೊತ್ತಿಗೆ ದ್ರವದಲ್ಲಿ ಅದರ ಸಾಂದ್ರತೆ ಒಂದು ಮಿಲಿಲೀಟರ್‌ಗೆ ಹತ್ತು ಸಾವಿರ ನ್ಯಾನೋಗ್ರಾಂ ದಾಟಿರುವುದು ಸಾಮಾನ್ಯ. ಮನುಷ್ಯರು 400 ಮಿಲಿಗ್ರಾಂ ಗುಳಿಗೆ ನುಂಗಿದರೆ ರಕ್ತದಲ್ಲಿ ಅದು ಮಿಲಿಲೀಟರ್‌ಗೆ ಒಂದು ನ್ಯಾನೋಗ್ರಾಂ ಕೂಡ ಮುಟ್ಟಲಿಲ್ಲ. ಹತ್ತು ಸಾವಿರ ಪಟ್ಟಿಗೂ ಹೆಚ್ಚಿನ ಅಂತರ ಇದು. ಕರುಳು ಅದನ್ನು ಒಳಕ್ಕೆ ಬಿಟ್ಟುಕೊಳ್ಳುವುದೇ ಅಪರೂಪ, ಬಿಟ್ಟುಕೊಂಡದ್ದನ್ನೂ ಲಿವರ್ ಬೇಗ ಬದಲಾಯಿಸಿಬಿಡುತ್ತದೆ. ನಮ್ಮ ಅರಿಶಿನದ ಕರ್ಕ್ಯುಮಿನ್‌ನದೂ ಇದೇ ಪಾಡು. ದಿನಕ್ಕೆ 8 ಗ್ರಾಂ ಕೊಟ್ಟರೂ ರಕ್ತದಲ್ಲಿ ಸಿಕ್ಕಿದ್ದು ಚೂರೇ ಚೂರು. ಅದನ್ನು ಮೀರಲು ಕಾಳುಮೆಣಸಿನ ಸಾರ ಸೇರಿಸಿ ಮಾಡಿದ ಗುಳಿಗೆಗಳಿಂದ ಲಿವರ್‌ಗೆ ಪೆಟ್ಟು ಬಿದ್ದ ವರದಿಗಳು ಬಂದಿವೆ. ಸಾರಿಗೆ ಹಾಕುವ ಅರಿಶಿನಕ್ಕೆ ಭಯವಿಲ್ಲ.

ಮೂರನೆಯದು ನನ್ನ ಮಟ್ಟಿಗೆ ಬಹಳ ಮುಖ್ಯವಾದ ಪ್ರಶ್ನೆ, ಲೇಖನಗಳಲ್ಲಿ ಕೇಳುವುದೇ ಕಡಿಮೆ. ಮಿಆರ್-21 ಕುಗ್ಗಿದ್ದರಿಂದ ಕೋಶ ಸತ್ತಿತೋ, ಸಾಯುತ್ತಿದ್ದ ಕೋಶದಲ್ಲಿ ಮಿಆರ್-21 ಕುಗ್ಗಿತೋ? ನಮ್ಮ ಮೈಯಲ್ಲಿ ಇಂಥ ಮೈಕ್ರೋಆರ್‌ಎನ್‌ಎಗಳು ನೂರಾರಿವೆ, ಒಂದೊಂದೂ ನೂರಾರು ಚೀಟಿಗಳಿಗೆ ಅಂಟಬಲ್ಲದು. ಕೋಶಕ್ಕೆ ಬಿಸಿ ತಾಗಲಿ, ಸಕ್ಕರೆ ಸಾಲದಿರಲಿ, ವಿಷ ಬೀಳಲಿ, ಇವೆಲ್ಲ ಏರಿಳಿಯುತ್ತವೆ. ಬೆಂಕಿ ಬಿದ್ದ ಮನೆಯಿಂದ ಹೊಗೆ ಬರುತ್ತದೆ, ಹೊಗೆಯನ್ನು ಅಳೆದು ಬೆಂಕಿಗೆ ಅದೇ ಕಾರಣ ಎನ್ನಲಾಗದು.

ಹಾಗಾದರೆ ಮೈಕ್ರೋಆರ್‌ಎನ್‌ಎಯನ್ನು ಖಚಿತವಾಗಿ ಗುರಿಯಿಟ್ಟು ಚಿಕಿತ್ಸೆ ಮಾಡಿದ್ದಾರೆಯೇ? ಪ್ರಯತ್ನ ಆಗಿದೆ. ಗಡ್ಡೆಗೆ ಕಡಿವಾಣ ಹಾಕುವ ಮಿಆರ್-34ಎ ಎಂಬುದನ್ನು ಕೃತಕವಾಗಿ ತಯಾರಿಸಿ, ಕೊಬ್ಬಿನ ಸೂಕ್ಷ್ಮ ಹನಿಗಳಲ್ಲಿ ತುಂಬಿ, ಅಮೆರಿಕದಲ್ಲಿ 2013ರಿಂದ ರೋಗಿಗಳ ರಕ್ತನಾಳಕ್ಕೆ ಕೊಟ್ಟು ನೋಡಿದರು. ದೇಹದ ರೋಗನಿರೋಧಕ ವ್ಯವಸ್ಥೆ ಭೀಕರವಾಗಿ ತಿರುಗಿಬಿತ್ತು, ಸಾವುಗಳೂ ಆದವು, 2016ರಲ್ಲಿ ಪ್ರಯೋಗ ನಿಲ್ಲಿಸಿದರು. ಮೈಕ್ರೋಆರ್‌ಎನ್‌ಎಯನ್ನು ಗುರಿಯಾಗಿಸಿಕೊಂಡು ಕ್ಯಾನ್ಸರ್‌ಗೆ ಅನುಮತಿ ಪಡೆದ ಔಷಧ ಇಂದಿಗೂ ಒಂದೂ ಇಲ್ಲ. 'ಜೀನ್ ಮಟ್ಟದಲ್ಲಿ ಕೆಲಸ ಮಾಡುತ್ತದೆ' ಎಂಬುದು ಸುರಕ್ಷಿತ ಎಂಬುದರ ಗುರುತೂ ಅಲ್ಲ ಎಂದು ತಿಳಿಯಲು ಇಷ್ಟು ಸಾಕು.

ಇನ್ನೊಂದು ವಿಷಯವನ್ನು ಹೇಳಲೇಬೇಕು, ಬೇಸರದಿಂದಲೇ ಹೇಳುತ್ತೇನೆ. ಮೂಲಿಕೆ ಮತ್ತು ನಾನ್-ಕೋಡಿಂಗ್ ಆರ್‌ಎನ್‌ಎ ಕುರಿತ ಲೇಖನಗಳು ಸಾವಿರಗಟ್ಟಲೆ ಇವೆ, ಬಹುಪಾಲು ಚೀನಾದಿಂದ. ಅಲ್ಲಿಯ ಆಸ್ಪತ್ರೆಗಳ ವೈದ್ಯರಿಗೆ ದಿನವಿಡೀ ರೋಗಿಗಳು, ಸಂಶೋಧನೆಗೆ ಸಮಯವಿಲ್ಲ. ಆದರೆ ಬಡ್ತಿ ಬೇಕಾದರೆ ಲೇಖನ ಪ್ರಕಟವಾಗಿರಬೇಕು ಎಂಬ ಒತ್ತಡ ಬಹುಕಾಲ ಇತ್ತು. ಆ ಒತ್ತಡದಿಂದ ಹಣ ಪಡೆದು ಲೇಖನ ತಯಾರಿಸಿಕೊಡುವ ಕಾರ್ಖಾನೆಗಳೇ ಹುಟ್ಟಿದವು. ಲೇಖನಗಳ ಚಿತ್ರಗಳಲ್ಲಿನ ಮೋಸ ಹುಡುಕುವ ವಿಜ್ಞಾನಿ ಎಲಿಜಬೆತ್ ಬಿಕ್ ಮತ್ತು ಸಂಗಡಿಗರು 2020ರಲ್ಲಿ ಒಂದೇ ಕಡೆ ತಯಾರಾದಂತೆ ಕಾಣುವ, ಪ್ರೊಟೀನು ಪರೀಕ್ಷೆಯಲ್ಲಿ ಮೂಡುವ ಪಟ್ಟಿಗಳು ಗೊದಮೊಟ್ಟೆಯಂತೆ ಕಾಣುವ ಚಿತ್ರವಿದ್ದ ನಾನೂರಕ್ಕೂ ಹೆಚ್ಚು ಲೇಖನಗಳನ್ನು ಪತ್ತೆಹಚ್ಚಿದರು. ಸಿಡ್ನಿಯ ಸಂಶೋಧಕಿ ಜೆನಿಫರ್ ಬರ್ನ್ ಇಂಥ ಲೇಖನಗಳಲ್ಲಿ ಬರೆದಿರುವ ಜೀನ್‌ಗಳ ಅಕ್ಷರಸರಣಿಯನ್ನೇ ತಾಳೆ ನೋಡಿದಾಗ, ತಾವು ಅಳೆದೆವೆಂದು ಹೇಳಿದ ಜೀನ್‌ಗೂ ಆ ಸರಣಿಗೂ ಸಂಬಂಧವೇ ಇಲ್ಲದ ಉದಾಹರಣೆಗಳು ಸಾಲುಸಾಲಾಗಿ ಸಿಕ್ಕವು. ಒಂದೇ ಪ್ರಕಾಶನ ಸಂಸ್ಥೆ 2023ರಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಲೇಖನಗಳನ್ನು ಹಿಂತೆಗೆದುಕೊಂಡಿತು. ಅವು ನಾನಾ ವಿಷಯಗಳವು, ನಾನಾ ದೇಶಗಳವು. ನಿಮ್ಮ ತಮ್ಮ ಕಳಿಸಿದ ಲೇಖನ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಈ ಕ್ಷೇತ್ರದಲ್ಲಿ ಒಂದು ಲೇಖನ ಕೈಯಲ್ಲಿ ಹಿಡಿದು ಅಪ್ಪನ ಚಿಕಿತ್ಸೆ ಬದಲಾಯಿಸುವುದು ಅಪಾಯ. ಪ್ರಾಮಾಣಿಕವಾಗಿ ದುಡಿಯುವ ಚೀನಾದ ವಿಜ್ಞಾನಿಗಳಿಗೇ ಇದರಿಂದ ಹೆಚ್ಚು ಅನ್ಯಾಯವಾಗಿದೆ.

ಏಕೆಂದರೆ ಚೀನೀ ಔಷಧ ಪರಂಪರೆಯಿಂದ ಕ್ಯಾನ್ಸರ್‌ಗೆ ನಿಜವಾದ ಮದ್ದು ಬಂದಿದೆ, ಅದನ್ನು ನಾನು ನನ್ನ ರೋಗಿಗಳಿಗೆ ಕೊಡುತ್ತೇನೆ. ಉತ್ತರ ಚೀನಾದ ಹಾರ್ಬಿನ್‌ನಲ್ಲಿ 1970ರ ದಶಕದ ಮೊದಲ ವರ್ಷಗಳಲ್ಲಿ ಝಾಂಗ್ ಟಿಂಗ್‌ಡಾಂಗ್ ಎಂಬ ವೈದ್ಯರು ಹಳ್ಳಿಯ ನಾಟಿ ಔಷಧವೊಂದನ್ನು ಕೈಗೆತ್ತಿಕೊಂಡರು. ಅದರಲ್ಲಿ ಇದ್ದದ್ದು ಮೂರು: ನಾವು ಶಂಖಪಾಷಾಣ ಎನ್ನುವ ಆರ್ಸೆನಿಕ್, ಪಾದರಸದ ಲವಣ, ಕಪ್ಪೆಯ ವಿಷ. ಅವರು ಒಂದೊಂದನ್ನೇ ತೆಗೆದು ನೋಡಿದರು. ಕಪ್ಪೆಯ ವಿಷ ರಕ್ತದೊತ್ತಡ ಏರಿಸುತ್ತಿತ್ತು, ಪಾದರಸ ಮೂತ್ರಪಿಂಡ ಕೆಡಿಸುತ್ತಿತ್ತು, ಕೆಲಸ ಮಾಡುತ್ತಿದ್ದದ್ದು ಶಂಖಪಾಷಾಣ ಒಂದೇ. ಅದೂ ಎಲ್ಲ ಕ್ಯಾನ್ಸರ್‌ಗಲ್ಲ, ಎಪಿಎಲ್ ಎಂಬ ಒಂದೇ ಬಗೆಯ ರಕ್ತದ ಕ್ಯಾನ್ಸರ್‌ಗೆ ಅದರ ಗುಣ ಎದ್ದು ಕಂಡಿತು. ನಾನು ಓದುವಾಗ ಹಿರಿಯ ವೈದ್ಯರು ಹೇಳುತ್ತಿದ್ದರು: ಎಪಿಎಲ್ ಎಂದು ಗೊತ್ತಾದ ರಾತ್ರಿಯೇ ಮೆದುಳಿನಲ್ಲಿ ರಕ್ತಸ್ರಾವವಾಗಿ ಹೋದವರಿದ್ದಾರೆ ಎಂದು. ಶಾಂಘೈನ ವಾಂಗ್ ಝೆನ್‌ಯಿ ಅವರು ಬಳಕೆಗೆ ತಂದ ವಿಟಮಿನ್ ಎ ಜಾತಿಯ ಔಷಧದ ಜೊತೆ ಈ ಆರ್ಸೆನಿಕ್ ಸೇರಿದಾಗ ಏನಾಯಿತು ನೋಡಿ. 2013ರಲ್ಲಿ ಪ್ರಕಟವಾದ ಯುರೋಪಿನ ಪ್ರಯೋಗದಲ್ಲಿ, ಅಪಾಯ ಅಷ್ಟು ಹೆಚ್ಚಿಲ್ಲದ ಎಪಿಎಲ್ ರೋಗಿಗಳಲ್ಲಿ ಎರಡು ವರ್ಷದ ಬಳಿಕ ರೋಗ ಮರುಕಳಿಸದೆ ಚೆನ್ನಾಗಿದ್ದವರು ಶೇ 97. ಅದೇ ಔಷಧವನ್ನು ಆರ್ಸೆನಿಕ್ ಬದಲು ಕಿಮೊಥೆರಪಿ ಜೊತೆ ಕೊಟ್ಟವರಲ್ಲಿ ಶೇ 86.

ಇದರಲ್ಲಿ ಒಂದು ಕ್ರಮವಿದೆ. ಹಾರ್ಬಿನ್‌ನಲ್ಲಿ ಮೊದಲು ರೋಗಿಗಳು ಬದುಕಿದರು. ಆರ್ಸೆನಿಕ್ ಕ್ಯಾನ್ಸರ್ ಕೋಶದ ಯಾವ ಪ್ರೊಟೀನನ್ನು ಹಿಡಿದು ಒಡೆಯುತ್ತದೆ ಎಂಬುದು ಪೂರ್ತಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ತಮ್ಮ ಕಳಿಸಿದಂಥ ಲೇಖನಗಳಲ್ಲಿ ಇದು ತಿರುಗುಮುರುಗಾಗಿದೆ: ಕಾರಣದ ವಿವರಣೆ ಮೊದಲೇ ಸಿದ್ಧವಾಗಿದೆ, ಗುಣವಾದ ರೋಗಿ ಎಲ್ಲಿ ಎಂದು ಹುಡುಕಬೇಕು. ಔಷಧ ಯಾವ ಆರ್‌ಎನ್‌ಎಯನ್ನು ತಗ್ಗಿಸಿತು ಎಂದು ಯಾರಾದರೂ ಹೇಳಿದಾಗ ನಾನು ಕೇಳುವುದು ಒಂದೇ: ಅದನ್ನು ತೆಗೆದುಕೊಂಡವರು ತೆಗೆದುಕೊಳ್ಳದವರಿಗಿಂತ ಹೆಚ್ಚು ಕಾಲ ಬದುಕಿದರೇ, ಅಥವಾ ಹೆಚ್ಚು ನೆಮ್ಮದಿಯಾಗಿ ಬದುಕಿದರೇ?

ನಮ್ಮ ಪಶ್ಚಿಮ ಘಟ್ಟಕ್ಕೂ ಇಂಥದೇ ಕತೆಯ ನಂಟಿದೆ. ಚೀನಾದ ಒಂದು ಮರದ ತೊಗಟೆಯಿಂದ 1966ರಲ್ಲಿ ಕ್ಯಾಂಪ್ಟೊಥೆಸಿನ್ ಬೇರ್ಪಡಿಸಿದರು. ಮಲೆನಾಡಿನವರು ದುರ್ವಾಸನೆ ಮರ ಎನ್ನುವ ನಮ್ಮ ಕಾಡಿನ ಗಿಡದಲ್ಲೂ ಅದೇ ವಸ್ತು ಹೇರಳವಾಗಿದೆ. ಅದನ್ನು ಬದಲಾಯಿಸಿ ಮಾಡಿದ ಇರಿನೋಟೆಕಾನ್ ಕರುಳಿನ ಕ್ಯಾನ್ಸರ್‌ಗೆ ದಿನನಿತ್ಯ ಬಳಕೆಯಲ್ಲಿದೆ. ಹಾಗಾಗಿ 'ಕಿಮೊ ವಿಷ, ಮೂಲಿಕೆ ಸೌಮ್ಯ' ಎಂದು ಜನ ಮಾಡುವ ವಿಂಗಡಣೆ ನನಗೆ ಅರ್ಥವಾಗುವುದಿಲ್ಲ. ಎರಡೂ ಗಿಡದಿಂದಲೇ ಬಂದಿರಬಹುದು. ಒಂದರಲ್ಲಿ ಎಷ್ಟು ಮಿಲಿಗ್ರಾಂ ಇದೆ, ಯಾರಿಗೆ ಎಷ್ಟು ಕೊಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದು ಗೊತ್ತಿದೆ, ಇನ್ನೊಂದರಲ್ಲಿ ಗೊತ್ತಿಲ್ಲ.

ಈಗ ನಿಮ್ಮ ಕೈಯಲ್ಲಿರುವ ಗುಳಿಗೆಗೆ ಬರೋಣ. ಬರ್ಬೆರಿನ್ ಚೀನಾದ ಹುವಾಂಗ್‌ಲಿಯನ್ ಬೇರಿನ ಹಳದಿ ಕಹಿ ಅಂಶ, ನಮ್ಮ ಮರದರಿಶಿನದಲ್ಲೂ ಇದೆ. ಇದರ ಬಗ್ಗೆ ಒಂದು ಒಳ್ಳೆಯ ಪ್ರಯೋಗ ಚೀನಾದಲ್ಲೇ ನಡೆದು 2020ರಲ್ಲಿ ಪ್ರಕಟವಾಯಿತು. ಕರುಳಿನಲ್ಲಿ ಕ್ಯಾನ್ಸರ್ ಆಗುವ ಮೊದಲಿನ ದುರ್ಮಾಂಸದ ಗಂಟುಗಳನ್ನು, ಅಂದರೆ ಪಾಲಿಪ್‌ಗಳನ್ನು, ಕೊಲೊನೋಸ್ಕೋಪಿಯಲ್ಲಿ ತೆಗೆಸಿಕೊಂಡವರಿಗೆ ದಿನಕ್ಕೆರಡು ಸಲ 300 ಮಿಲಿಗ್ರಾಂ ಬರ್ಬೆರಿನ್ ಅಥವಾ ನೋಡಲು ಹಾಗೇ ಇರುವ ಹುಸಿ ಗುಳಿಗೆ ಕೊಟ್ಟರು. ಎರಡು ವರ್ಷದೊಳಗೆ ಪಾಲಿಪ್ ಮತ್ತೆ ಬಂದದ್ದು ಬರ್ಬೆರಿನ್ ತೆಗೆದುಕೊಂಡವರಲ್ಲಿ ಶೇ 36ರಷ್ಟು ಜನರಿಗೆ, ಉಳಿದವರಲ್ಲಿ ಶೇ 47ರಷ್ಟು ಜನರಿಗೆ. ರಕ್ತಕ್ಕೆ ಸೇರದೆ ಕರುಳಿನಲ್ಲೇ ಉಳಿಯುವ ಅದರ ಗುಣ ಇಲ್ಲಿ ಅನುಕೂಲವೇ ಆಗಿರಬಹುದು. ಕರುಳಿನ ಒಳಪೊರೆಗೆ ಅದು ನೇರ ತಾಗುತ್ತದೆ. ಆದರೆ ಈ ಪ್ರಯೋಗದಲ್ಲಿದ್ದವರಿಗೆ ಕ್ಯಾನ್ಸರ್ ಇರಲಿಲ್ಲ, ಅವರು ಕಿಮೊಥೆರಪಿಯಲ್ಲೂ ಇರಲಿಲ್ಲ. ನಿಮ್ಮ ತಂದೆಯವರಲ್ಲಿ ನಮಗೆ ಭಯವಿರುವುದು ದುಗ್ಧಗ್ರಂಥಿ ದಾಟಿ ರಕ್ತದಲ್ಲಿ ತಪ್ಪಿಸಿಕೊಂಡಿರಬಹುದಾದ ಕೋಶಗಳದ್ದು. ಅಲ್ಲಿಗೆ ಬರ್ಬೆರಿನ್ ಬಹುತೇಕ ತಲುಪುವುದೇ ಇಲ್ಲ, ಕಿಮೊಥೆರಪಿ ತಲುಪುತ್ತದೆ. ಜೊತೆಗೆ, ಬರ್ಬೆರಿನ್ ರಕ್ತದ ಸಕ್ಕರೆಯನ್ನು ಇಳಿಸುತ್ತದೆ. ಊಟ ಸೇರದ ದಿನ ಮೆಟ್‌ಫಾರ್ಮಿನ್ ಜೊತೆ ಅದೂ ಸೇರುವುದು ನನಗೆ ಇಷ್ಟವಿಲ್ಲ. ಹಲವು ಔಷಧಗಳನ್ನು ಕರಗಿಸುವ ಲಿವರ್‌ನ ಕಿಣ್ವಗಳನ್ನೂ ಅದು ತಡೆಯುತ್ತದೆ.

ಕಷಾಯದ ಪೊಟ್ಟಣ ನನಗೆ ಇನ್ನೂ ಹೆಚ್ಚು ಚಿಂತೆ ತಂದಿದೆ. ಬಹಳಷ್ಟು ಚೀನೀ ಕಷಾಯಗಳಲ್ಲಿ ಅತಿಮಧುರ ಇರುತ್ತದೆ. ಗಂಟಲು ನೋವಿಗೆ ನಾವೂ ಚೀಪುವ ಅದೇ ಸಿಹಿ ಬೇರು. ಅದನ್ನು ದಿನವೂ ಕುಡಿದರೆ ಮೈಯಲ್ಲಿ ಉಪ್ಪು ನಿಂತು ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ನಿಮ್ಮ ತಂದೆಯವರಿಗೆ ಬಿಪಿ ಇದೆ, ಕೆಪೆಸಿಟಬಿನ್‌ನ ಭೇದಿಯಿಂದ ಪೊಟ್ಯಾಸಿಯಂ ಮೊದಲೇ ಸೋರಿಹೋಗುತ್ತಿರುತ್ತದೆ. ಎರಡೂ ಕೂಡಿದರೆ ಕಾಲಿನ ಬಲ ಹೋಗುವುದರಿಂದ ಹಿಡಿದು ಹೃದಯದ ಬಡಿತ ತಪ್ಪುವವರೆಗೂ ಹೋಗಬಹುದು.

ಮೂಲಿಕೆಯ ಹೆಸರೇ ಅದಲುಬದಲಾದ ದುರಂತವೂ ಇದೆ. 1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನ ಒಂದು ಕ್ಲಿನಿಕ್‌ನಲ್ಲಿ ತೂಕ ಇಳಿಸಲು ಚೀನೀ ಮೂಲಿಕೆಯ ಗುಳಿಗೆ ತೆಗೆದುಕೊಂಡ ಸುಮಾರು ನೂರು ಮಹಿಳೆಯರ ಮೂತ್ರಪಿಂಡ ಹಾಳಾಯಿತು. ಫಾಂಗ್‌ಜಿ ಎಂಬ ಬೇರಿನ ಬದಲು, ಹೆಸರಿನಲ್ಲಿ ಅದಕ್ಕೆ ಹತ್ತಿರದ ಇನ್ನೊಂದು ಬೇರು ಬಂದಿತ್ತು, ಅದರಲ್ಲಿ ಅರಿಸ್ಟೊಲೊಕಿಕ್ ಆಮ್ಲವಿತ್ತು. ಅವರಲ್ಲಿ ಎಷ್ಟೋ ಮಂದಿಗೆ ಮುಂದೆ ಮೂತ್ರನಾಳದ ಕ್ಯಾನ್ಸರೇ ಬಂತು. ಕ್ಯಾನ್ಸರ್ ತರುವುದು ಖಚಿತವಾಗಿರುವ ವಸ್ತುಗಳ ಪಟ್ಟಿಯಲ್ಲಿ ಆ ಆಮ್ಲ ಇಂದು ಇದೆ. ಹಾವಿನ ಕಡಿತಕ್ಕೆಂದು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇಟ್ಟುಕೊಳ್ಳುವ ಈಶ್ವರಿ ಬಳ್ಳಿ ಆ ಬೇರಿನ ಕುಲದ್ದೇ ಎಂಬುದನ್ನು ಮನೆಯವರಿಗೆಲ್ಲ ಹೇಳಿ.

ಅಮೆರಿಕದಲ್ಲಿ ಎಂಟು ಮೂಲಿಕೆಗಳ ಪಿಸಿ-ಸ್ಪೆಸ್ ಎಂಬ ಗುಳಿಗೆ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಹೆಸರುವಾಸಿಯಾಗಿತ್ತು. ತೆಗೆದುಕೊಂಡವರ ರಕ್ತಪರೀಕ್ಷೆಯ ಅಂಕಿ ನಿಜವಾಗಿಯೂ ಇಳಿಯುತ್ತಿತ್ತು. 2002ರಲ್ಲಿ ಪರೀಕ್ಷಿಸಿದಾಗ ಅದರಲ್ಲಿ ಸ್ತ್ರೀ ಹಾರ್ಮೋನಿನಂತೆ ಕೆಲಸ ಮಾಡುವ ಕೃತಕ ಔಷಧವೂ ರಕ್ತ ತೆಳುವಾಗಿಸುವ ವಾರ್ಫರಿನ್ನೂ ಬೆರೆತಿದ್ದದ್ದು ಕಂಡು ಮಾರುಕಟ್ಟೆಯಿಂದ ಹಿಂದಕ್ಕೆ ತೆಗೆದುಕೊಂಡರು. ಸಿಂಗಪುರದಲ್ಲಿ ಚೀನೀ ವೈದ್ಯರಿಗೆ ಸರ್ಕಾರಿ ನೋಂದಣಿ ಇದೆ, ಅಂಗಡಿಗಳ ಮೇಲೆ ನಿಗಾ ಇದೆ. ಆದ್ದರಿಂದ ನಿಮ್ಮ ಪೊಟ್ಟಣದಲ್ಲಿ ಕಲಬೆರಕೆ ಇದೆ ಎಂದು ನಾನು ಅನುಮಾನಿಸುವುದಿಲ್ಲ. ಆ ವೈದ್ಯರು ನಿಮ್ಮ ತಂದೆಯವರನ್ನು ನೋಡಿಲ್ಲ, ನಾಡಿ ಹಿಡಿದಿಲ್ಲ, ಮೂತ್ರಪಿಂಡದ ಸ್ಥಿತಿ ತೋರಿಸುವ ಅವರ ಕ್ರಿಯಾಟಿನಿನ್ ಎಷ್ಟು ಎಂದು ತಿಳಿದಿಲ್ಲ. ಅವರ ಶಾಸ್ತ್ರದ ಪ್ರಕಾರವೇ ಇದು ಸರಿಯಾದ ಚಿಕಿತ್ಸೆ ಆಗುವುದಿಲ್ಲ.

ತಮ್ಮನಿಗೆ ಇನ್ನೊಂದು ಮಾತು. ಚೀನಾದಲ್ಲೇ ಕರುಳಿನ ಕ್ಯಾನ್ಸರ್ ಮೂರನೇ ಹಂತದ ರೋಗಿ ದೊಡ್ಡ ಆಸ್ಪತ್ರೆಗೆ ಹೋದರೆ ಕೊಡುವುದು ಇದೇ ಆಕ್ಸಾಲಿಪ್ಲಾಟಿನ್ ಮತ್ತು ಕೆಪೆಸಿಟಬಿನ್. ಸಾಂಪ್ರದಾಯಿಕ ವಿಭಾಗ ಅದರ ಪಕ್ಕದಲ್ಲಿ ಇರುತ್ತದೆ, ಹಸಿವು, ಆಯಾಸ, ವಾಕರಿಕೆ ನೋಡಿಕೊಳ್ಳುತ್ತದೆ. ಲಿವರ್ ಕ್ಯಾನ್ಸರ್‌ನ ಶಸ್ತ್ರಚಿಕಿತ್ಸೆಯ ನಂತರ ಹುವಾಯ್‌ಅರ್ ಎಂಬ ಅಣಬೆಯ ಹರಳುಗಳನ್ನು 39 ಆಸ್ಪತ್ರೆಗಳಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳಿಗೆ ಕೊಟ್ಟು ನೋಡಿದ ಪ್ರಯೋಗ 2018ರಲ್ಲಿ ಬಂತು. 96 ವಾರದ ಹೊತ್ತಿಗೆ ರೋಗ ಮರಳದವರು ಶೇ 62, ತೆಗೆದುಕೊಳ್ಳದವರಲ್ಲಿ ಶೇ 49. ಹುಸಿ ಗುಳಿಗೆಯೊಡನೆ ಹೋಲಿಸಿಲ್ಲ ಎಂಬ ಕೊರತೆ ಅದರಲ್ಲಿದೆ, ಆದರೂ ಪ್ರಶ್ನೆಯನ್ನು ಕೇಳಬೇಕಾದ ರೀತಿಯಲ್ಲೇ ಕೇಳಿದ್ದಾರೆ. ಅಲ್ಲಿಯೂ ಶಸ್ತ್ರಚಿಕಿತ್ಸೆ ಬಿಟ್ಟು ಅಣಬೆ ಕೊಡಲಿಲ್ಲ. ಕ್ಯಾನ್ಸರ್‌ನ ಸಾಬೀತಾದ ಚಿಕಿತ್ಸೆಯನ್ನು ಬಿಟ್ಟು ಪರ್ಯಾಯವನ್ನೇ ನಂಬಿದವರನ್ನು ಅಮೆರಿಕದಲ್ಲಿ ಲೆಕ್ಕ ಹಾಕಿದಾಗ ಅವರಲ್ಲಿ ಸಾವಿನ ಅಪಾಯ ಒಟ್ಟಾರೆ ಎರಡೂವರೆ ಪಟ್ಟು, ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲಿ ನಾಲ್ಕು ಪಟ್ಟಿಗೂ ಹೆಚ್ಚು ಎಂದು 2018ರಲ್ಲಿ ಕಂಡುಬಂತು.

ಅಪ್ಪನಿಗೆ ಕಿಮೊ ನಿಲ್ಲಿಸುವುದೇ ಇಷ್ಟ ಎಂದು ಬರೆದಿದ್ದೀರಿ. ಅವರ ಸಂಕಟ ನಿಜ, ಅದನ್ನು ಕಡಿಮೆ ಮಾಡುವ ದಾರಿಗಳು ಇವೆ. ಮೊದಲನೆಯದು, ಅವಧಿ. ಮೊದಲು ಈ ಚಿಕಿತ್ಸೆಯನ್ನು ಎಲ್ಲರಿಗೂ ಆರು ತಿಂಗಳು ಕೊಡುತ್ತಿದ್ದೆವು. ಹಲವು ದೇಶಗಳ 12 ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿ ಒಟ್ಟುಗೂಡಿಸಿದ 2018ರ ಅಧ್ಯಯನದ ನಂತರ, ಮೂರರವರೆಗೆ ಮಾತ್ರ ದುಗ್ಧಗ್ರಂಥಿಗಳಲ್ಲಿ ರೋಗವಿದ್ದು, ಗಡ್ಡೆ ಕರುಳಿನ ಗೋಡೆ ಪೂರ್ತಿ ದಾಟಿರದವರಿಗೆ ಈ ಎರಡು ಔಷಧಗಳ ಜೋಡಿಯನ್ನು ಮೂರು ತಿಂಗಳು, ಅಂದರೆ ನಾಲ್ಕು ಸುತ್ತು ಕೊಟ್ಟರೆ ಸಾಕು ಎನ್ನುವಂತಾಗಿದೆ. ನಿಮ್ಮ ತಂದೆಯವರಿಗೆ ಎರಡು ಗ್ರಂಥಿಗಳಲ್ಲಿ ಇತ್ತು. ಗಡ್ಡೆಯ ಆಳ ಶಸ್ತ್ರಚಿಕಿತ್ಸೆಯ ನಂತರದ ಬಯಾಪ್ಸಿ ವರದಿಯಲ್ಲಿ ಬರೆದಿರುತ್ತದೆ. 'ಇವರಿಗೆ ನಾಲ್ಕು ಸುತ್ತು ಸಾಕೇ?' ಎಂದು ವೈದ್ಯರನ್ನು ಕೇಳಿ. ಸಾಕು ಎಂದರೆ ಅರ್ಧ ದಾರಿ ಆಗಲೇ ಮುಗಿದಿದೆ. ಬೆರಳಿನ ಜುಮುಜುಮು ಮುಂದೆ ಉಳಿದುಬಿಡುವ ಅಪಾಯವೂ ಮೂರು ತಿಂಗಳಲ್ಲಿ ಬಹಳ ಕಡಿಮೆ. ಆರು ತಿಂಗಳೇ ಬೇಕೆಂದರೂ ಆಕ್ಸಾಲಿಪ್ಲಾಟಿನ್‌ನ ಪ್ರಮಾಣ ತಗ್ಗಿಸಲು, ನಡುವೆ ಅದೊಂದನ್ನೇ ಬಿಡಲು ಅವಕಾಶವಿದೆ. ಬೆಚ್ಚಗಿನ ನೀರು, ಫ್ರಿಜ್ ಮುಟ್ಟುವಾಗ ಕೈಗವಸು, ಭೇದಿಗೆ ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ತಡಮಾಡದೆ ಶುರು ಮಾಡುವುದು, ಇವು ನಿಮ್ಮ ಕೈಯಲ್ಲಿವೆ. ಶಕ್ತಿ ಬರಲೆಂದು ಫೋಲಿಕ್ ಆಮ್ಲ ಹೆಚ್ಚಿರುವ ವಿಟಮಿನ್ ಟಾನಿಕ್ ಕೇಳದೆ ಕೊಡಬೇಡಿ. ಕೆಪೆಸಿಟಬಿನ್‌ನ ತೊಂದರೆಗಳನ್ನು ಅದು ಹೆಚ್ಚಿಸುತ್ತದೆ. ಈ ವಿಷಯ ಬಹಳ ಮನೆಗಳಿಗೆ ತಿಳಿದಿಲ್ಲ.

ಅಕಸ್ಮಾತ್ ತಂದೆಯವರು ಈಗಾಗಲೇ ಕೆಲವು ದಿನ ಕುಡಿದಿದ್ದರೆ ಗಾಬರಿ ಬೇಡ, ಮುಚ್ಚಿಡುವುದೂ ಬೇಡ. ಮುಂದಿನ ಸುತ್ತಿಗೆ ಮೊದಲು ಲಿವರ್, ಮೂತ್ರಪಿಂಡ, ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ. ಕೆಲವು ವರ್ಷಗಳ ಹಿಂದೆ ನನ್ನ ರೋಗಿಯೊಬ್ಬರ ಲಿವರ್ ಕಿಣ್ವಗಳು ಇದ್ದಕ್ಕಿದ್ದಂತೆ ಹತ್ತು ಪಟ್ಟು ಏರಿದವು. ಕ್ಯಾನ್ಸರ್ ಲಿವರ್‌ಗೆ ಹರಡಿತೇನೋ ಎಂದು ಸ್ಕ್ಯಾನ್ ಮಾಡಿಸಿದೆವು, ಕಿಮೊಥೆರಪಿಯನ್ನು ಮೂರು ವಾರ ಮುಂದೂಡಿದೆವು. ಕೊನೆಗೆ ಅವರ ಹೆಂಡತಿ ಕೈಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಕಂದು ಪುಡಿ, ಅಳೆಯಲು ಒಂದು ಚಿಕ್ಕ ಹಿತ್ತಾಳೆ ಚಮಚ. 'ನೀವು ಬೈಯುತ್ತೀರೆಂದು ಹೇಳಲಿಲ್ಲ' ಎಂದರು. ಅಂದಿನಿಂದ ನಾನು 'ಬೇರೆ ಏನಾದರೂ ಔಷಧ ತೆಗೆದುಕೊಳ್ಳುತ್ತೀರಾ' ಎಂದು ಕೇಳುವುದನ್ನು ಬಿಟ್ಟು, 'ಮನೆಯಲ್ಲಿ ಯಾವ ಕಷಾಯ ಕೊಡುತ್ತಿದ್ದೀರಿ' ಎಂದು ಕೇಳುತ್ತೇನೆ. ನಿಮ್ಮ ವೈದ್ಯರು ಕೇಳದಿದ್ದರೆ ನೀವೇ ಹೇಳಿ. ಪೊಟ್ಟಣದ ಮೇಲಿನ ಚೀನೀ ಅಕ್ಷರಗಳ ಫೋಟೊ ಸಾಲದು. ಪ್ರತಿ ಮೂಲಿಕೆಯ ಲ್ಯಾಟಿನ್ ಹೆಸರನ್ನೂ ಗ್ರಾಂ ಅಳತೆಯನ್ನೂ ಅಂಗಡಿಯಿಂದ ಬರೆಸಿ ಕಳಿಸಲು ತಮ್ಮನಿಗೆ ಹೇಳಿ.

ಅವರಿಗೆ ಇನ್ನೊಂದು ಕೆಲಸವನ್ನೂ ಕೊಡಬಹುದು. ಕಿಮೊಥೆರಪಿ ಮುಗಿಸಿದ ಕರುಳಿನ ಕ್ಯಾನ್ಸರ್ ರೋಗಿಗಳಲ್ಲಿ, ಮೂರು ವರ್ಷ ಕ್ರಮಬದ್ಧವಾಗಿ ವ್ಯಾಯಾಮ ಮಾಡಿಸಿದ ಪ್ರಯೋಗವೊಂದು 2025ರಲ್ಲಿ ಪ್ರಕಟವಾಯಿತು. ಬಹಳಷ್ಟು ಜನ ಮಾಡಿದ್ದು ಚುರುಕಾದ ನಡಿಗೆಯನ್ನೇ. ಐದು ವರ್ಷದ ನಂತರ ರೋಗ ಮರಳದೆ ಇದ್ದವರು ಶೇ 80, ಬರೀ ಸಲಹೆಯ ಪುಸ್ತಿಕೆ ಪಡೆದವರಲ್ಲಿ ಶೇ 74. ಎಂಟು ವರ್ಷಕ್ಕೆ ಬದುಕಿದ್ದವರ ಸಂಖ್ಯೆಯಲ್ಲೂ ಶೇ 7ರಷ್ಟು ಅಂತರ. ಆ ಪುಸ್ತಿಕೆಗೂ ವ್ಯಾಯಾಮಕ್ಕೂ ಇದ್ದ ವ್ಯತ್ಯಾಸವೆಂದರೆ, ಜೊತೆಗಿದ್ದು ಬಿಡದೆ ಮಾಡಿಸುವ ಒಬ್ಬ ಮನುಷ್ಯ. ಈಗ ತಂದೆಯವರಿಗೆ ಹತ್ತು ನಿಮಿಷ ಸಾಕು, ಚಿಕಿತ್ಸೆ ಮುಗಿದ ಮೇಲೆ ವೈದ್ಯರನ್ನು ಕೇಳಿ ಮೆಲ್ಲಗೆ ಏರಿಸಿ. ಇಲ್ಲಿ ಸಂಜೆ ಆರಾದಾಗ ಸಿಂಗಪುರದಲ್ಲಿ ಎಂಟೂವರೆ, ತಮ್ಮ ಕೆಲಸ ಮುಗಿಸಿ ಮನೆಗೆ ಬಂದಿರುತ್ತಾರೆ. ದಿನವೂ ಆ ಹೊತ್ತಿಗೆ ಫೋನ್ ಮಾಡಿ, ಅಪ್ಪ ನಡೆದು ಮುಗಿಸುವವರೆಗೂ ಮಾತಾಡುತ್ತಿರಲಿ.